ಅಪ್‌ಡೇಟ್: ಧ್ಯಾನಕ್ಕೆ ಕೂತರೆ ತೂಕಡಿಕೆ

ಉಸಿರು ಗಮನಿಸಲು ಕೂತರೆ ತೂಕಡಿಕೆ ಬರುತ್ತೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಜೊತೆಗೆ ಜೀವನದ ಅರ್ಥ ಏನು ಅಂತಲೂ. ಕಾಫಿ ಕುಡಿದು ಕೂತೆ, ಎದೆ ಡವಡವ ಅಂದಿದ್ದೇ ಬಂತು. ಧ್ಯಾನದ ಆ್ಯಪ್‌ನ ಕೊಳಲಂತೂ ಜೋಗುಳವೇ! ಕೈಹಿಡಿದಿದ್ದು ‘ಎದ್ದು ನಡೀರಿ’ ಅಂದವರ ಸಲಹೆ, ಥ್ಯಾಂಕ್ಸ್. ಈಗ ಟೆರೇಸಿನಲ್ಲಿ ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿವರೆಗೆ ಬರಿಗಾಲಲ್ಲಿ ನಿಧಾನವಾಗಿ ನಡೆಯುತ್ತೇನೆ. ಹಿಮ್ಮಡಿ, ಅಂಗಾಲು, ಬೆರಳು ನೆಲಕ್ಕೆ ತಾಗುವುದರ ಮೇಲೇ ಗಮನ. ಪಕ್ಕದ ಟೆರೇಸಿನ ಆಂಟಿ, ‘ಏನಮ್ಮಾ, ಓಲೆ ಬಿದ್ದೋಯ್ತಾ?’ ಅಂತ ಕೇಳಿದರು. ವಿಷಯ ಹೇಳಿದೆ. ಈಗ ಅವರೂ ಆ ಕಡೆ ನಡೆಯುತ್ತಾರೆ.

ಇದು ಹಳೇ ಕಾಟ ಅಂತ ಆಮೇಲೆ ಗೊತ್ತಾಯ್ತು. ತೂಕಡಿಸುತ್ತಿದ್ದ ಶಿಷ್ಯ ಮೊಗ್ಗಲ್ಲಾನನಿಗೆ ಬುದ್ಧ ಕಿವಿ ಎಳೆದುಕೋ, ಕಣ್ಣಿಗೆ ನೀರು ಹಾಕಿಕೋ, ನಡೆದಾಡು, ಏನೂ ಆಗದಿದ್ದರೆ ಬಲಮಗ್ಗುಲಲ್ಲಿ ಮಲಗು ಅಂದಿದ್ದನಂತೆ. ಕಿವಿ ಎಳೆದೂ ನೋಡಿದೆ, ಪರವಾಗಿಲ್ಲ. ಜೀವನದ ಅರ್ಥದ ಬಗ್ಗೆ ಕೇಳಿದ್ದು ಮಾತ್ರ ಹಾಗೇ ಬಾಕಿ ಇದೆ.