ಮೆಸ್ಕಾಲ್ ತಯಾರಿಕೆಯಲ್ಲಿ ಹೆಂಗಸರ ಪಾಲು: ಫಲಕದಲ್ಲಿ ಏನು ಬರೆಯಬೇಕು?

ಹುದುಗು_80:
ಹುದುಗು ಪದಾರ್ಥಗಳ ಪ್ರದರ್ಶನಕ್ಕೆ ಮೆಕ್ಸಿಕೋದ ಮೆಸ್ಕಾಲ್ ಎಂಬ ಕತ್ತಾಳೆ ಮದ್ಯದ ಬಗ್ಗೆ ಕನ್ನಡ ಫಲಕವೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ವಹಾಕಾ ರಾಜ್ಯದ ಭಟ್ಟಿಗಳಲ್ಲಿ ಹೆಂಗಸರು ಗಂಡಸರಿಗೆ ನೆರವಾಗುತ್ತಾರೆ’ ಎಂದಿದೆ. ಈ ಸಾಲು ಸರಿಯೇ? ಅವರ ಕೈ ಯಾವ ಯಾವ ಕೆಲಸದಲ್ಲಿದೆ? ಬಾಟಲಿ ನೋಡಿ ತಿಳಿಯಬಹುದೇ?

ಕತ್ತಾಳೆಬೇಲಿ:
‘ನೆರವು’ ಅನ್ನುವ ಪದ ದಯವಿಟ್ಟು ತೆಗೆದುಬಿಡಿ. ಸಾಂತಾ ಕಟರೀನಾ ಮೀನಾಸ್ ಊರಿನ ಗ್ರಸಿಯೇಲಾ ಆಂಖೆಲೆಸ್ ತಮ್ಮ ಮನೆತನದ ಭಟ್ಟಿ ಉದ್ಯಮ ‘ರಿಯಲ್ ಮಿನೇರೊ’ವನ್ನು ಮುಂದೆ ನಿಂತು ನಡೆಸುವವರು. ಸೋಸಿಮಾ ಒಲಿವೇರಾ ತಾವೇ ಬಟ್ಟಿ ಇಳಿಸುವವರು. ಇಂಥವರನ್ನು ಅಲ್ಲಿ ‘ಮೇಸ್ತ್ರಾ ಮೆಸ್ಕಲೇರಾ’, ಅಂದರೆ ಮೆಸ್ಕಾಲ್ ಇಳಿಸುವುದರಲ್ಲಿ ಪಳಗಿದ ಗುರು, ಅನ್ನುತ್ತಾರೆ. ಫಲಕದಲ್ಲಿ ಆ ಪದವೇ ಇರಲಿ.

ಬೀಜದ ಕೆಲಸ ಬಿಡಬೇಡಿ. ಮೆಸ್ಕಾಲ್‌ಗೆ ಬಳಸುವುದು ನಮ್ಮ ಹೊಲದ ಬೇಲಿಯ ಕತ್ತಾಳೆಯ ಕುಲದ್ದೇ ಗಿಡ. ಎಸ್ಪಡೀನ್ ತಳಿ ಬುಡದಲ್ಲಿ ಮರಿ ಬಿಡುತ್ತದೆ, ಕಿತ್ತು ನೆಟ್ಟರೆ ಆಯಿತು, 6ರಿಂದ 8 ವರ್ಷಕ್ಕೆ ಕಡಿಯಲು ಬರುತ್ತದೆ. ತೊಬಲಾ ತಳಿ ಮರಿ ಬಿಡುವುದಿಲ್ಲ, ಬೀಜದಿಂದಲೇ ಸಸಿ ಮಾಡಬೇಕು. ಬೀಜ ಬೇಕೆಂದರೆ ಹೂಗೊನೆ ಏಳಲು ಬಿಡಬೇಕು. ಗೊನೆ ಎದ್ದರೆ ಗಡ್ಡೆಯ ಸಕ್ಕರೆಯೆಲ್ಲ ಅದಕ್ಕೇ ಹೋಗಿ ಆ ಗಿಡ ಭಟ್ಟಿಗೆ ಬರುವುದಿಲ್ಲ. ಅಂದರೆ ಬೀಜಕ್ಕೆಂದು ಬಿಟ್ಟ ಒಂದೊಂದು ಗಿಡವೂ ಕೈಬಿಟ್ಟ ದುಡ್ಡು. ಎಲ್ಲವನ್ನೂ ಕಡಿದರೆ ಕಾಡು ಬರಿದು, ಹೂವಿಗೆ ಬರುವ ಬಾವಲಿಗೂ ಆಹಾರವಿಲ್ಲ. ಆಂಖೆಲೆಸ್ ಬೀಜದಿಂದ ಸಸಿ ಬೆಳೆಸುವುದಕ್ಕೆ ಕೊಟ್ಟ ಒತ್ತನ್ನು ಭಟ್ಟಿಯ ಕೆಲಸದಷ್ಟೇ ದೊಡ್ಡದೆಂದು ಬರೆಯಿರಿ.

ಮಣ್ಣಿನಮಡಕೆ:
ಮಡಕೆ ಮಾಡುವವರನ್ನೂ ಸೇರಿಸಿ. ವಹಾಕಾ ನಗರದ ಪಕ್ಕದ ಸಾಂತಾ ಮರಿಯಾ ಅತ್ಸೊಂಪಾ ಊರಿನಲ್ಲಿ ಕುಂಬಾರಿಕೆ ಬಹುಪಾಲು ಹೆಂಗಸರ ಕೈಯಲ್ಲಿದೆ, ಭಟ್ಟಿಯ ಮಡಕೆಗಳೂ ಅಲ್ಲಿಂದ ಬರುತ್ತವೆ.

ಮೀನಾಸ್‌ನ ಭಟ್ಟಿ ಹೀಗಿರುತ್ತದೆ: ಒಲೆಯಲ್ಲಿ ಹೂತ ಮಡಕೆ, ಅದರ ಮೇಲೆ ತಳವಿಲ್ಲದ ಇನ್ನೊಂದು ಮಡಕೆ, ಮೇಲೆ ತಣ್ಣೀರು ತುಂಬಿದ ತಾಮ್ರದ ಬೋಗುಣಿ. ಆವಿ ಬೋಗುಣಿಯ ತಳಕ್ಕೆ ತಾಗಿ ಹನಿಯಾಗುತ್ತದೆ. ಒಳಗಿಟ್ಟ ದೋಣಿಯಂಥ ಸೌಟಿಗೋ ಕತ್ತಾಳೆಯ ಪಟ್ಟೆಗೋ ಬಿದ್ದು ಜೊಂಡಿನ ಕೊಳವೆಯಲ್ಲಿ ಹೊರಬರುತ್ತದೆ. ಬೋಗುಣಿಯ ನೀರು ಬಿಸಿಯಾದರೆ ಆವಿ ಹನಿಯಾಗದು, ಆಗಾಗ ಬದಲಿಸಲೇಬೇಕು. ಮಡಕೆಗಳ ಸಂದಿಗೆ ಮೆತ್ತಿದ್ದು ಬಿರುಕು ಬಿಟ್ಟರೆ ಸಾರವೆಲ್ಲ ಗಾಳಿಪಾಲು. ಮೊದಲ ಸಲ ಇಳಿಸುವಾಗ ಹುಳಿತ ಗಡ್ಡೆಯ ನಾರೂ ಮಡಕೆಯಲ್ಲಿರುತ್ತದೆ. ಉರಿ ಜೋರಾದರೆ ಅದು ತಳ ಹಿಡಿದು ಸೀದ ವಾಸನೆ ಬರುತ್ತದೆ. ಎರಡನೇ ಸಲ ಇಳಿಸಿದರೂ ಹೋಗುವುದಿಲ್ಲ.

ಗಡ್ಡೆ ಬೇಯಿಸುವ ಕುಳಿಯಲ್ಲೂ ಅಷ್ಟೇ ಜಾಗ್ರತೆ ಬೇಕು. ಕೆಂಪಗೆ ಕಾದ ಕಲ್ಲಿನ ಮೇಲೆ ಒದ್ದೆ ನಾರು ಹರಡದೆ ಗಡ್ಡೆ ಇಟ್ಟರೆ ಕರಟಿ ಕಹಿಯಾಗುತ್ತದೆ. ಕಲ್ಲು ಸಾಕಷ್ಟು ಕಾಯದಿದ್ದರೆ ನಡುಭಾಗ ಹಸಿಯೇ ಉಳಿದು ಹುಳಿಯಲು ಸಕ್ಕರೆ ಸಿಗುವುದಿಲ್ಲ. ಮಣ್ಣು ಮುಚ್ಚಿ 3ರಿಂದ 5 ದಿನ ಬಿಡುತ್ತಾರೆ.

ಮುತ್ತಿನನೊರೆ:
ಹದ ನೋಡುವುದೇ ಮೇಸ್ತ್ರಾಳ ಅಸಲಿ ಕೆಲಸ. ಇಳಿಸಿದ್ದನ್ನು ಜೊಂಡಿನ ಕೊಳವೆಯಲ್ಲಿ ಹೀರಿ ಒಣಗಿದ ಕಾಯಿಯ ಬುರುಡೆಯ ಬಟ್ಟಲಿಗೆ ಬಿಟ್ಟಾಗ ಮುತ್ತಿನಂಥ ಗುಳ್ಳೆಗಳು ಏಳುತ್ತವೆ. 45ರಿಂದ 55 ಶೇಕಡಾ ಮದ್ಯಸಾರವಿದ್ದರೆ ಅವು ಅಂಚಿಗೆ ಸರಿದು ನಿಲ್ಲುತ್ತವೆ. ಅದಕ್ಕಿಂತ ತೀರ ಹೆಚ್ಚಾದರೂ ಕಡಿಮೆಯಾದರೂ ಪಟಪಟನೆ ಒಡೆಯುತ್ತವೆ. ಹೆಚ್ಚೋ ಕಡಿಮೆಯೋ ಎಂದು ಮೂಗು, ನಾಲಿಗೆ ಹೇಳಬೇಕು. ಇಷ್ಟಾದರೂ ಗುಳ್ಳೆ ನೋಡಿ ಮೆಥನಾಲ್ ಎಂಬ ವಿಷ ಎಷ್ಟಿದೆಯೆಂದು ತಿಳಿಯದು. ಅದಕ್ಕೆ ಪ್ರಯೋಗಾಲಯವೇ ಬೇಕು. ಮೆಕ್ಸಿಕೋದ ನಿಯಮದಲ್ಲಿ 100 ಮಿ.ಲೀ. ಶುದ್ಧ ಮದ್ಯಸಾರಕ್ಕೆ 300 ಮಿ.ಗ್ರಾಂ. ಮಿತಿ. ಫಲಕ ಓದಿ ಯಾರೂ ಮನೆಯಲ್ಲಿ ಕತ್ತಾಳೆ ಬಟ್ಟಿ ಇಳಿಸಲು ಹೋಗದಿರಲಿ. ಪರವಾನಗಿಯಿಲ್ಲದೆ ಅದು ಇಲ್ಲಿ ಅಪರಾಧವೂ ಹೌದು.

ಕತ್ತಾಳೆಬೇಲಿ:
ಬಾಟಲಿಯ ಪ್ರಶ್ನೆ ಉಳಿಯಿತು. ಚೀಟಿಯಲ್ಲಿ ‘ಆರ್ತೆಸನಾಲ್’ (ಕೈಕಸುಬಿನ) ಅಥವಾ ‘ಆನ್ಸೆಸ್ತ್ರಾಲ್’ (ಪೂರ್ವಿಕರ ರೀತಿಯ) ಎಂದಿದ್ದರೆ ಅದು ತಯಾರಿಕೆಯ ವಿಧಾನ ಮಾತ್ರ. ಎರಡನೆಯದಕ್ಕೆ ಮಣ್ಣಿನ ಮಡಕೆ ಭಟ್ಟಿ ಗುರುತು. ಇಳಿಸಿದವರ ಹೆಸರನ್ನು ಹಲವರು ಅಚ್ಚು ಹಾಕುತ್ತಾರೆ, ಅದನ್ನೇ ಹುಡುಕಿ. ಆದರೆ ಅಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಹೆಸರು. ಬೀಜ ಆಯ್ದವರು, ಮಡಕೆ ತಟ್ಟಿದವರು ಯಾವ ಚೀಟಿಯಲ್ಲೂ ಇಲ್ಲ. ನಿಮ್ಮ ಜಾಗ ಅವರಿಗೆ ಕೊಡಿ. ‘ಮೆಸ್ಕಾಲ್’ ಅನ್ನದೆ ‘ದೆಸ್ತಿಲಾದೊ ದೆ ಆಗಾವೆ’ (ಕತ್ತಾಳೆಯಿಂದ ಬಟ್ಟಿ ಇಳಿಸಿದ್ದು) ಎಂದಷ್ಟೇ ಬರೆದ ಬಾಟಲಿ ಕಂಡರೆ ಕೀಳೆಂದು ತಿಳಿಯಬೇಡಿ. 1994ರಿಂದ ‘ಮೆಸ್ಕಾಲ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ, ಪ್ರಮಾಣಪತ್ರ ಪಡೆಯದ ಸಣ್ಣ ತಯಾರಕರು ಅದನ್ನು ಬಳಸುವಂತಿಲ್ಲ.

ಹುದುಗು_80:
‘ನೆರವು’ ತೆಗೆದೆ. ಈಗಿನ ಸಾಲು: ‘ವಹಾಕಾದಲ್ಲಿ ಬೀಜ ಆಯುವ, ಮಡಕೆ ತಟ್ಟುವ, ಮುತ್ತು ನೋಡಿ ಹದ ಹೇಳುವ ಹೆಂಗಸರಿದ್ದಾರೆ.’ ಅತ್ಸೊಂಪಾದ ಹೆಸರು ಅದರ ಮುಂದಿನ ಸಾಲಿನಲ್ಲಿ ಬರುತ್ತದೆ.