ಅಪ್‌ಡೇಟ್: ಅಟ್ಟದ ಪಾತ್ರೆಗಳು ಕೊನೆಗೂ ಇಳಿದವು

ಅಡುಗೆಮನೆ ಅಟ್ಟದ ತುಂಬ ಪಾತ್ರೆ, ಅತ್ತೆ ಒಂದನ್ನೂ ಬಿಡಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ? ಅರ್ಧ ಅಟ್ಟ ಖಾಲಿಯಾಯಿತು!

"ಒಂದು ವರ್ಷ ಮುಟ್ಟದಿದ್ದರೆ ಕೊಟ್ಟುಬಿಡಿ" ಅನ್ನೋ ಸಲಹೆ ನಮ್ಮಲ್ಲಿ ನಡೆಯಲಿಲ್ಲ. ಚಕ್ಕುಲಿ ಒರಳು ಕೆಳಗಿಳಿಯೋದೇ ಕೃಷ್ಣಾಷ್ಟಮಿಗೆ, ಅಲ್ವಾ? ಡಬ್ಬಗಳಿಗೆ ಚೀಟಿ ಅಂಟಿಸಿದ್ದೂ ದಂಡ. ಎರಡೇ ದಿನಕ್ಕೆ ಎಣ್ಣೆ ಕೈ ತಾಗಿ ಕಿತ್ತುಬಂತು.

ಕೆಲಸ ಮಾಡಿದ್ದು, "ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ, ಬೇಕಾದ್ದು ತನ್ನಿ" ಅಂದವರ ಮಾತು. ಬಿಸಾಡೋದಲ್ಲ, ಬದಲಾಯಿಸೋದು ಅಂದ ಕೂಡಲೇ ಅತ್ತೆ ತಾವೇ 14 ಸ್ಟೀಲ್ ಡಬ್ಬ ಇಳಿಸಿಕೊಟ್ಟರು. ಹೊಸ ಇಡ್ಲಿ ಪಾತ್ರೆ ಬಂತು. ತೂತು ಬಿದ್ದ ಹಿತ್ತಾಳೆ ಕೊಳಗಕ್ಕೆ ಸ್ಟೀಲಿಗಿಂತ ಎಷ್ಟೋ ಜಾಸ್ತಿ ರೇಟು ಸಿಕ್ಕಿದ್ದು ನನಗೇ ಆಶ್ಚರ್ಯ.

ಒಂದು ಲೋಟದ ಮೇಲೆ ಅತ್ತೆಯ ಮದುವೆ ತಾರೀಖು ಕೆತ್ತಿತ್ತು. ಅದನ್ನು ಮಾತ್ರ ಕೊಡಲಿಲ್ಲ. ಈಗ ಅದರಲ್ಲೇ ನನ್ನ ಕಾಫಿ.