ಸಹಾಯ ಬೇಕು: ಅತ್ತಿಗೆಯ ಕೋವಿಡ್ ವಿಮೆಗೆ ಸಹಿ ಹಾಕಬೇಕಾದವರು ಯಾರು?

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರ ಕಡೆಯವರು, ಈಗ ಮುಂಬೈನ ಅಂಧೇರಿಯಲ್ಲಿದ್ದೇವೆ. ನಮ್ಮ ಅತ್ತಿಗೆ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ವಾರ್ಡ್ ಆಯಾ ಆಗಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ವಾರ್ಡಿನಲ್ಲೇ ಸೋಂಕು ತಗುಲಿ ತೀರಿಕೊಂಡರು. ಮೈತುಂಬ ಮುಚ್ಚುವ ಆ ಪ್ಲಾಸ್ಟಿಕ್ ಕಿಟ್ ಒಂದನ್ನೇ ಒಣಗಿಸಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ ಕೆಲಸ ಹೋಗುತ್ತೆ ಅನ್ನುವ ಭಯ.

ಕೇಂದ್ರ ಸರ್ಕಾರದ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷದ ವಿಮೆ ಇತ್ತಲ್ವಾ, ಅದರಲ್ಲಿ ಗುತ್ತಿಗೆಯವರೂ ಸೇರುತ್ತಿದ್ದರು. ಪಾಸಿಟಿವ್ ರಿಪೋರ್ಟ್, ಮರಣ ಪತ್ರ ಎರಡೂ ಇವೆ. ಸಿಕ್ಕಿಬಿದ್ದಿರುವುದು ಒಂದೇ ಕಾಗದಕ್ಕೆ: ಅವರು ಕೋವಿಡ್ ರೋಗಿಗಳ ನೇರ ಸಂಪರ್ಕದಲ್ಲಿ ಕೆಲಸ ಮಾಡಿದ್ದರು ಎಂಬ ಪತ್ರ. 'ಅವರು ನಮ್ಮ ನೌಕರರಲ್ಲ, ಗುತ್ತಿಗೆದಾರನನ್ನು ಕೇಳಿ' ಅಂತ ಆಸ್ಪತ್ರೆ ಕೈತೊಳೆದುಕೊಂಡಿತು. ಗುತ್ತಿಗೆದಾರ ಅಂಗಡಿ ಮುಚ್ಚಿಕೊಂಡು ಹೋಗಿದ್ದಾನೆ, ಫೋನ್ ಹತ್ತುವುದಿಲ್ಲ. ಅಣ್ಣ ಎರಡು ಸಲ ಆಸ್ಪತ್ರೆಗೆ ಅರ್ಜಿ ಕೊಟ್ಟ. ಸುಮ್ನೆ ಸೀಲು ಹಾಕಿ ಕಳಿಸಿದರು, ಉತ್ತರ ಇಲ್ಲ.

ನಮ್ಮ ಕೈಯಲ್ಲಿರುವುದು ವಾರ್ಡಿನ ಡ್ಯೂಟಿ ಚಾರ್ಟಿನ ಫೋಟೋ, ಅತ್ತಿಗೆಯ ಮೊಬೈಲಲ್ಲೇ ಇತ್ತು. ಹೆಸರನ್ನು ಮರಾಠಿಯಲ್ಲಿ ತಪ್ಪಾಗಿ ಬರೆದಿದ್ದಾರೆ, ಆದರೆ ತಾರೀಕು, ಪಾಳಿ ಸ್ಪಷ್ಟವಾಗಿವೆ. ಜೊತೆಗೆ ಕೆಲಸ ಮಾಡಿದ ಇಬ್ಬರು ನರ್ಸ್‌ಗಳು ಬರೆದುಕೊಡಲು ತಯಾರಿದ್ದಾರೆ.

2021ರಲ್ಲಿ ಈ ಕ್ಲೇಮುಗಳನ್ನು ದೃಢೀಕರಿಸುವ ಕೆಲಸ ಜಿಲ್ಲಾ ಕಲೆಕ್ಟರ್‌ಗೆ ಬಂತು ಅಂತ ಓದಿದೆ. ಹಾಗಾದರೆ ಆಸ್ಪತ್ರೆಯ ಪತ್ರ ಇಲ್ಲದೆ, ಈ ಚಾರ್ಟು ಮತ್ತು ನರ್ಸ್‌ಗಳ ಅಫಿಡವಿಟ್ ಇಟ್ಟುಕೊಂಡು ನೇರವಾಗಿ ಬಾಂದ್ರಾದ ಉಪನಗರ ಕಲೆಕ್ಟರ್ ಕಚೇರಿಗೆ ಹೋಗಬಹುದಾ? ಇಷ್ಟು ತಡವಾದ ಮೇಲೆ ಯಾರಾದರೂ ಹೀಗೆ ಕ್ಲೇಮ್ ಮಾಡಿಸಿದ್ದೀರಾ?